ಎರಡು ಪಟ್ಟಿಯಲ್ಲೂ ಅದೇ ಹೆಸರುಗಳಿವೆ, ಆದರೂ ಆಕ್ ಸ್ಕ್ರಿಪ್ಟಿಗೆ 412ರಲ್ಲಿ ಒಂದೂ ಹೊಂದುತ್ತಿಲ್ಲ

ಹೇಮಾವತಿ_ದಂಡೆ · ಸೋಮವಾರ, ರಾತ್ರಿ 9:40

ಎಲ್ಲರಿಗೂ ನಮಸ್ಕಾರ. ನಮ್ಮೂರಿನ ಹಾಲು ಉತ್ಪಾದಕರ ಸಹಕಾರ ಸಂಘದಲ್ಲಿ ಅಪ್ಪ ಕಾರ್ಯದರ್ಶಿ. ಇಷ್ಟು ದಿನ ಬಟವಾಡೆ ಕೈಗೇ ಕೊಡುತ್ತಿದ್ದರು. ಮುಂದಿನ ತಿಂಗಳಿಂದ ಎಲ್ಲರ ಬ್ಯಾಂಕ್ ಖಾತೆಗೆ ಹಾಕಬೇಕು ಅಂತ ಸಂಘದಲ್ಲಿ ತೀರ್ಮಾನವಾಗಿದೆ. ಅದಕ್ಕೆ ಎರಡು ಫೈಲ್‌ಗಳನ್ನು ಸೇರಿಸಿ ಒಂದು ಪಟ್ಟಿ ಮಾಡುವ ಕೆಲಸ ನನಗೆ ಬಂದಿದೆ.

ಒಂದನೆಯದು ಸದಸ್ಯರ ಪಟ್ಟಿ. ಸದಸ್ಯ ಸಂಖ್ಯೆ, ಊರು, ಹೆಸರು, ಹೀಗೆ ಮೂರು ಕಾಲಮ್. ಒಟ್ಟು 412 ಜನ. ಇದನ್ನು ಬಹಳ ವರ್ಷದ ಹಿಂದೆ ನುಡಿ ತಂತ್ರಾಂಶದ ಹಳೆಯ ಫಾಂಟಿನಲ್ಲಿ ಟೈಪ್ ಮಾಡಿದ್ದರು. ಹೋದ ತಿಂಗಳು ಯೂನಿಕೋಡಿಗೆ ಪರಿವರ್ತಿಸಿ, ಎಕ್ಸೆಲ್‌ನಿಂದ ಸಿಎಸ್‌ವಿ (ಕಾಮಾ ಹಾಕಿ ಕಾಲಮ್ ಬೇರ್ಪಡಿಸುವ ಸಾದಾ ಫೈಲ್) ಮಾಡಿಕೊಂಡೆ.

ಎರಡನೆಯದು ಖಾತೆ ಪಟ್ಟಿ. ಹೆಸರು, ಖಾತೆ ಸಂಖ್ಯೆ, ಐಎಫ್‌ಎಸ್‌ಸಿ. ಇದರಲ್ಲಿ 405 ಸಾಲು. ಪಾಸ್‌ಬುಕ್ ಜೆರಾಕ್ಸ್ ನೋಡಿಕೊಂಡು ಪಕ್ಕದ ಮನೆಯ ಹುಡುಗ ಫೋನಿನಲ್ಲಿ ಟೈಪ್ ಮಾಡಿಕೊಟ್ಟ. ಇದರಲ್ಲಿ ಸದಸ್ಯ ಸಂಖ್ಯೆ ಇಲ್ಲ. ಹಾಗಾಗಿ ಹೆಸರಿನಿಂದಲೇ ಹೊಂದಿಸಬೇಕು.

ಲ್ಯಾಪ್‌ಟಾಪಿನಲ್ಲಿ ಉಬುಂಟು ಲಿನಕ್ಸ್ ಇದೆ, ಫೈಲನ್ನು ಸಾಲು ಸಾಲಾಗಿ ಓದಿ ಕೆಲಸ ಮಾಡುವ ಆಕ್ (awk) ಸ್ವಲ್ಪ ಬರುತ್ತದೆ. ಫೋನಿನಿಂದ ಬರೆಯುತ್ತಿದ್ದೇನೆ, ಅದಕ್ಕೆ ಸ್ಕ್ರಿಪ್ಟನ್ನು ಮಾತಿನಲ್ಲೇ ಹೇಳುತ್ತೇನೆ. ಮೊದಲು ಖಾತೆ ಪಟ್ಟಿ ಓದುತ್ತದೆ. ಎನ್‌ಆರ್ ಮತ್ತು ಎಫ್‌ಎನ್‌ಆರ್ ಸಮ ಇರುವವರೆಗೆ, ಅಂದರೆ ಮೊದಲ ಫೈಲ್ ಓದಿ ಮುಗಿಯುವವರೆಗೆ, ಮೊದಲ ಕಾಲಮ್ಮಿನ ಹೆಸರನ್ನು ಕೀ (ಹುಡುಕುವ ಪದ) ಮಾಡಿ ಖಾತೆ ಸಂಖ್ಯೆಯನ್ನು ಅರೇಯಲ್ಲಿ (ನೆನಪಿನ ಕೋಷ್ಟಕದಲ್ಲಿ) ಇಡುತ್ತದೆ. ಆಮೇಲೆ ಸದಸ್ಯರ ಪಟ್ಟಿ ಓದಿ, ಮೂರನೇ ಕಾಲಮ್ಮಿನ ಹೆಸರು ಅರೇಯಲ್ಲಿದ್ದರೆ ಸದಸ್ಯ ಸಂಖ್ಯೆ, ಹೆಸರು, ಖಾತೆ ಪ್ರಿಂಟ್ ಮಾಡುತ್ತದೆ.

ಎರರ್ ಏನೂ ಬರುವುದಿಲ್ಲ. ಆದರೆ ಒಂದು ಸಾಲೂ ಪ್ರಿಂಟ್ ಆಗುವುದಿಲ್ಲ! "ಮಂಜುನಾಥ" ಅಂತ ಎರಡೂ ಫೈಲಿನಲ್ಲಿ ಹುಡುಕಿದೆ, ಎರಡರಲ್ಲೂ ಸಿಗುತ್ತದೆ. ಮೂರು ದಿನದಿಂದ ಇದರ ಹಿಂದೆ ಬಿದ್ದಿದ್ದೇನೆ. ಯಾರಾದರೂ ದಾರಿ ತೋರಿಸಿ.


ಕಪ್ಪುಪರದೆ · ಸೋಮವಾರ, ರಾತ್ರಿ 10:15

ನಿಮ್ಮ ಸ್ಕ್ರಿಪ್ಟಿನ ತರ್ಕ ಸರಿಯಾಗಿದೆ, ಅದನ್ನು ಸದ್ಯಕ್ಕೆ ಮುಟ್ಟಬೇಡಿ. ತೊಂದರೆ ಡೇಟಾದಲ್ಲಿದೆ.

ನೀವು ಹುಡುಕಿದಾಗ ಎಡಿಟರ್ "ಈ ಸಾಲಿನೊಳಗೆ ಮಂಜುನಾಥ ಎಲ್ಲಾದರೂ ಇದೆಯಾ" ಅಂತ ಮಾತ್ರ ನೋಡುತ್ತದೆ. ಅರೇ ಹಾಗಲ್ಲ. ಅದಕ್ಕೆ ಮೊದಲ ಬೈಟಿನಿಂದ (ಕಂಪ್ಯೂಟರ್ ಅಕ್ಷರವನ್ನು ಇಟ್ಟುಕೊಳ್ಳುವ ಸಂಖ್ಯೆ) ಕೊನೆಯ ಬೈಟಿನ ತನಕ ಎಲ್ಲವೂ ಒಂದೇ ಆಗಿರಬೇಕು.

ಎರಡೂ ಫೈಲಿನಿಂದ ಒಬ್ಬರೇ ವ್ಯಕ್ತಿಯ ಒಂದೊಂದು ಸಾಲು ತೆಗೆದು, ಬೈಟುಗಳನ್ನು ತೋರಿಸುವ ಓ-ಡಿ (od) ಕಮಾಂಡಿಗೆ ಮೈನಸ್ ಸಿ ಕೊಟ್ಟು ನೋಡಿ. ಕನ್ನಡ ಅಕ್ಷರಗಳೆಲ್ಲ ಮೂರು ಮೂರು ಸಂಖ್ಯೆಗಳಾಗಿ ಕಾಣುತ್ತವೆ, 340 262 ಅಥವಾ 340 263 ಅಂತ ಶುರುವಾಗುತ್ತವೆ. ಅವನ್ನು ಬಿಟ್ಟು ಬೇರೆ ಏನಿದೆ ಅನ್ನುವುದು ನಮಗೆ ಬೇಕು. ಸಾಲಿನ ಕೊನೆಯನ್ನು ಮೊದಲು ನೋಡಿ.


ಹೇಮಾವತಿ_ದಂಡೆ · ಸೋಮವಾರ, ರಾತ್ರಿ 10:48

ಸದಸ್ಯರ ಪಟ್ಟಿಯಲ್ಲಿ ಪ್ರತಿ ಸಾಲಿನ ಕೊನೆಗೆ ಬ್ಯಾಕ್‌ಸ್ಲ್ಯಾಶ್ ಆರ್, ಆಮೇಲೆ ಬ್ಯಾಕ್‌ಸ್ಲ್ಯಾಶ್ ಎನ್ ಇದೆ. ಫೈಲಿನ ಶುರುವಿನಲ್ಲೇ 357 273 277 ಅಂತ ಮೂರು ಸಂಖ್ಯೆಗಳೂ ಇವೆ. ಇವು ಯಾವ ಅಕ್ಷರ ಸರ್?


ಕಪ್ಪುಪರದೆ · ಸೋಮವಾರ, ರಾತ್ರಿ 11:05

ಸಿಕ್ಕಿತು. ಬ್ಯಾಕ್‌ಸ್ಲ್ಯಾಶ್ ಆರ್ ಅಂದರೆ ಕ್ಯಾರೇಜ್ ರಿಟರ್ನ್. ವಿಂಡೋಸ್ ಫೈಲಿನಲ್ಲಿ ಸಾಲು ಮುಗಿಯುವುದು ಎರಡು ಗುರುತಿನಿಂದ, ಲಿನಕ್ಸಿನಲ್ಲಿ ಒಂದರಿಂದ. ಆಕ್ ಬ್ಯಾಕ್‌ಸ್ಲ್ಯಾಶ್ ಎನ್ ಅನ್ನು ಮಾತ್ರ ತೆಗೆಯುತ್ತದೆ. ಆರ್ ಹಾಗೇ ಉಳಿದು ಕೊನೆಯ ಕಾಲಮ್ಮಿಗೆ ಅಂಟಿಕೊಳ್ಳುತ್ತದೆ. ನಿಮ್ಮ ಸದಸ್ಯರ ಪಟ್ಟಿಯಲ್ಲಿ ಕೊನೆಯ ಕಾಲಮ್ಮೇ ಹೆಸರು ಅಲ್ವಾ? ಅದಕ್ಕೇ 412ಕ್ಕೆ 412 ಹೆಸರೂ ತಪ್ಪಿಹೋದವು. ಹೆಸರು ನಡುವಿನ ಕಾಲಮ್ಮಿನಲ್ಲಿ ಇದ್ದಿದ್ದರೆ ಈ ತೊಂದರೆ ಕಾಣಿಸುತ್ತಲೇ ಇರಲಿಲ್ಲ.

357 273 277 ಅನ್ನುವುದು ಬಿಒಎಂ, ಫೈಲ್ ಯೂನಿಕೋಡಿನಲ್ಲಿದೆ ಅಂತ ಹೇಳುವ ಗುರುತು. ಎಕ್ಸೆಲ್‌ನಲ್ಲಿ ಯುಟಿಎಫ್-8 (ಯೂನಿಕೋಡ್ ಉಳಿಸುವ ಒಂದು ರೀತಿ) ಸಿಎಸ್‌ವಿ ಅಂತ ಉಳಿಸಿದಾಗ ಫೈಲಿನ ತಲೆಯಲ್ಲಿ ಬರುತ್ತದೆ. ನಿಮ್ಮಲ್ಲಿ ಮೊದಲ ಸಾಲು ಶೀರ್ಷಿಕೆ, ಹಾಗಾಗಿ ಅದರಿಂದ ಈಗ ಹಾನಿ ಇಲ್ಲ. ಆದರೂ ತೆಗೆದುಬಿಡಿ.

ಅಕ್ಷರ ಅಳಿಸುವ ಟಿಆರ್ (tr) ಕಮಾಂಡಿನಿಂದ ಬ್ಯಾಕ್‌ಸ್ಲ್ಯಾಶ್ ಆರ್ ಅಳಿಸಿ ಹೊಸ ಫೈಲ್ ಮಾಡಿಕೊಳ್ಳಿ. ಮೂಲ ಫೈಲನ್ನು ಹಾಗೇ ಇಟ್ಟುಕೊಳ್ಳಿ. ಆಮೇಲೆ ಎಷ್ಟು ಹೊಂದಿತು ಅಂತ ಹೇಳಿ. ಎಲ್ಲವೂ ಹೊಂದುವುದಿಲ್ಲ ಅಂತ ನನ್ನ ಅಂದಾಜು.


ಹೇಮಾವತಿ_ದಂಡೆ · ಸೋಮವಾರ, ರಾತ್ರಿ 11:20

231 ಹೊಂದಿತು! ತುಂಬಾ ಧನ್ಯವಾದ ಸರ್. ಇನ್ನೂ 181 ಉಳಿದಿವೆ.


ಕಪ್ಪುಪರದೆ · ಮಂಗಳವಾರ, ಬೆಳಗ್ಗೆ 7:30

ಈಗ ಸ್ಕ್ರಿಪ್ಟಿಗೆ ಒಂದು ಕೆಲಸ ಸೇರಿಸಿ. ಹೊಂದಿದ್ದನ್ನು ಮಾತ್ರ ಪ್ರಿಂಟ್ ಮಾಡುವ ಸ್ಕ್ರಿಪ್ಟ್ ಅರ್ಧ ಸ್ಕ್ರಿಪ್ಟ್. ಹೊಂದದೆ ಉಳಿದ ಸದಸ್ಯರನ್ನು ಒಂದು ಫೈಲಿಗೆ, ಯಾರೂ ಕೇಳದೆ ಉಳಿದ ಖಾತೆಗಳನ್ನು ಇನ್ನೊಂದು ಫೈಲಿಗೆ ಬರೆಸಿ. ಹೆಸರಿನ ಎರಡೂ ಕಡೆ ಚೌಕ ಆವರಣ ಹಾಕಿ ಪ್ರಿಂಟ್ ಮಾಡಿಸಿ. ಹಿಂದೆ ಮುಂದೆ ಖಾಲಿ ಜಾಗ ಇದ್ದರೆ ಆಗ ಕಣ್ಣಿಗೆ ಕಾಣುತ್ತದೆ.

ಎರಡು ಉಳಿಕೆ ಫೈಲನ್ನೂ ಸಾರ್ಟ್ ಮಾಡಿ ಪಕ್ಕಪಕ್ಕ ಇಟ್ಟು ನೋಡಿ. ಯಾವ ತರದ ವ್ಯತ್ಯಾಸ ಅಂತ ಹತ್ತು ನಿಮಿಷದಲ್ಲಿ ಗೊತ್ತಾಗುತ್ತದೆ.


ಹೇಮಾವತಿ_ದಂಡೆ · ಮಂಗಳವಾರ, ಮಧ್ಯಾಹ್ನ 1:10

ಬಹಳ ಹೆಸರುಗಳ ಕೊನೆಗೆ ಖಾಲಿ ಜಾಗ ಇತ್ತು. ಕೆಲವು ಕಡೆ "ಕೆ. ಮಂಜುನಾಥ" ನಡುವೆ ಎರಡು ಸ್ಪೇಸ್. ಇನ್ನು ಕೆಲವಕ್ಕೆ ಸ್ಪೇಸ್ ತರವೇ ಕಾಣುವ, ಆದರೆ ಓ-ಡಿಯಲ್ಲಿ 302 240 ಅಂತ ಬರುವ ಏನೋ ಇತ್ತು. ಮೂರನ್ನೂ ಸರಿಮಾಡಿದೆ. ಇನ್ನೂ 38 ಸೇರಿ 269 ಆಯಿತು.

ಆದರೆ ಉಳಿದ 143 ನೋಡಿದರೆ ತಲೆ ಕೆಡುತ್ತದೆ. ಒಂದು ಫೈಲಿನಲ್ಲಿ [ಸತೀಶ್ ಕುಮಾರ್]. ಇನ್ನೊಂದರಲ್ಲೂ [ಸತೀಶ್ ಕುಮಾರ್‌]. ಯಾವ ವ್ಯತ್ಯಾಸವೂ ಕಾಣುತ್ತಿಲ್ಲ.


ಅಕ್ಷರಪ್ರೇಮಿ · ಮಂಗಳವಾರ, ಮಧ್ಯಾಹ್ನ 2:25

ನಿಮ್ಮ ಎರಡನೇ ಸತೀಶ್ ಕುಮಾರ್ ಕೊನೆಯಲ್ಲಿ ಕಾಣದ ಗುರುತು ಒಂದಿದೆ. ನೀವು ಇಲ್ಲಿ ಅಂಟಿಸಿದ್ದನ್ನೇ ನಕಲು ಮಾಡಿ ನೋಡಿದೆ. ಅದು ಜೀರೋ ವಿಡ್ತ್ ನಾನ್ ಜಾಯ್ನರ್. ಓ-ಡಿಯಲ್ಲಿ 342 200 214 ಅಂತ ಕಾಣುತ್ತದೆ.

ಇದು ಕನ್ನಡಕ್ಕೆ ಬೇಕಾದ ಗುರುತೇ. "ರಾಜ್‌ಕುಮಾರ್" ಅಂತ ಬರೆಯುವಾಗ ಜ್ ಆದ ಮೇಲೆ ಇದನ್ನು ಹಾಕದಿದ್ದರೆ ಕ ಅಕ್ಷರ ಒತ್ತಾಗಿ ಕೆಳಗೆ ಹೋಗಿ "ರಾಜ್ಕುಮಾರ್" ಆಗುತ್ತದೆ. ನಡುವೆ ಬಂದಾಗ ವ್ಯತ್ಯಾಸ ಕಾಣುತ್ತದೆ. ಆದರೆ ಕೆಲವು ಕೀಬೋರ್ಡುಗಳಲ್ಲಿ ಪದದ ಕೊನೆಯ ಅರ್ಧಾಕ್ಷರದ ಮೇಲೂ ಇದು ಕೂತುಬಿಡುತ್ತದೆ. ಅಲ್ಲಿ ಅದಕ್ಕೆ ಮಾಡಲು ಕೆಲಸವೇ ಇಲ್ಲ, ಹಾಗಾಗಿ ಕಾಣುವುದೂ ಇಲ್ಲ. ಕುಮಾರ್, ರಮೇಶ್, ಸುರೇಶ್, ಮಹೇಶ್, ನಮ್ಮ ಎಷ್ಟು ಹೆಸರು ಹೀಗೆ ಮುಗಿಯುತ್ತವೆ ನೋಡಿ.

ಇದರ ಜೊತೆಗಾರ ಜೀರೋ ವಿಡ್ತ್ ಜಾಯ್ನರ್, 342 200 215. "ರ‍್ಯಾಂಕ್" ಬರೆಯುವಾಗ ರ ಪೂರ್ತಿ ಕಾಣಲಿ, ಅರ್ಕಾವೊತ್ತು ಆಗದಿರಲಿ ಅಂತ ಹಾಕುವುದು. ಅದನ್ನು ಕೆಲವರು ಹಲಂತಿನ ಹಿಂದೆ, ಕೆಲವರು ಮುಂದೆ ಹಾಕುತ್ತಾರೆ. ಎರಡೂ ರೂಪ ಚಲಾವಣೆಯಲ್ಲಿವೆ.

ಹೊಂದಿಸುವುದಕ್ಕೆ ಎರಡನ್ನೂ ತೆಗೆದುಬಿಡಿ. ಆದರೆ ದಯವಿಟ್ಟು ಹೆಸರಿನ ಕಾಲಮ್ಮಿನಿಂದಲೇ ತೆಗೆಯಬೇಡಿ. ಹೊಂದಿಸಲಿಕ್ಕೆ ಮಾತ್ರ ಒಂದು ಬೇರೆ ಕೀ ಮಾಡಿಕೊಳ್ಳಿ, ಅದರಿಂದ ತೆಗೆಯಿರಿ. ಮೂಲ ಹೆಸರು ಹಾಗೇ ಇರಲಿ. ರಾಜ್‌ಕುಮಾರ್ ಅವರ ಬಟವಾಡೆ ಚೀಟಿಯಲ್ಲಿ ರಾಜ್ಕುಮಾರ್ ಅಂತ ಬಂದರೆ ಅವರಿಗೆ ಬೇಸರ ಆಗುತ್ತದೆ. ಹೆಸರು ಅವರದು.


ಹೇಮಾವತಿ_ದಂಡೆ · ಮಂಗಳವಾರ, ರಾತ್ರಿ 8:50

ಬೇರೆ ಕೀ ಮಾಡುವ ಮಾತು ಹಿಡಿಸಿತು, ಹಾಗೇ ಮಾಡಿದೆ. ಆದರೆ ಏನೋ ಕೆಟ್ಟುಹೋಗಿದೆ. ಚೌಕ ಆವರಣದೊಳಗೆ ಎರಡು ಗುರುತನ್ನೂ ಒಟ್ಟಿಗೆ ಇಟ್ಟು, ಇವುಗಳಲ್ಲಿ ಯಾವುದು ಬಂದರೂ ಅಳಿಸು ಅಂತ ಜಿಸಬ್ (ಆಕ್‌ನಲ್ಲಿ ಹುಡುಕಿ ಬದಲಿಸುವ ಫಂಕ್ಷನ್) ಬರೆದೆ. ಈಗ ಕೀ ಪ್ರಿಂಟ್ ಮಾಡಿದರೆ ಅರ್ಧಕ್ಕರ್ಧ ಅಕ್ಷರ ಪ್ರಶ್ನೆ ಗುರುತಾಗಿ ಬರುತ್ತಿವೆ. "ಲಕ್ಷ್ಮಮ್ಮ" ಅಂತೂ ಪೂರ್ತಿ ಒಡೆದುಹೋಗಿದೆ. ಆದರೆ ಹೊಂದುವ ಸಂಖ್ಯೆ ಮಾತ್ರ ಜಾಸ್ತಿಯಾಗಿದೆ! ಇದನ್ನು ನಂಬಬಹುದಾ?


ಕಪ್ಪುಪರದೆ · ಮಂಗಳವಾರ, ರಾತ್ರಿ 9:35

ನಂಬಬೇಡಿ. ಸಂಖ್ಯೆ ಜಾಸ್ತಿಯಾದರೂ ಪ್ರಿಂಟ್ ಮಾಡಿ ನೋಡಿದಿರಲ್ಲ, ಅದು ನಿಮ್ಮನ್ನು ಉಳಿಸಿತು. ಇದನ್ನು ಬಿಡಿಸಿ ಹೇಳುತ್ತೇನೆ. ಕನ್ನಡ ಡೇಟಾ ಹಿಡಿದು ಕೆಲಸ ಮಾಡುವ ಎಲ್ಲರೂ ಒಂದಲ್ಲ ಒಂದು ದಿನ ಈ ಗುಂಡಿಗೆ ಕಾಲಿಡುತ್ತಾರೆ.

ಉಬುಂಟುವಿನಲ್ಲಿ ತಾನಾಗಿ ಬರುವ ಆಕ್ ನಿಜವಾಗಿ ಎಂಆಕ್. ಅದು ವೇಗವಾಗಿದೆ, ಆದರೆ ಅದಕ್ಕೆ ಅಕ್ಷರ ಗೊತ್ತಿಲ್ಲ, ಬೈಟ್ ಮಾತ್ರ ಗೊತ್ತು. ಜಿಆಕ್ ಅನ್ನುವ ಇನ್ನೊಂದು ಆಕ್ ಆದರೆ ಯುಟಿಎಫ್-8 ಲೊಕೇಲಿನಲ್ಲಿ (ಭಾಷೆಯ ಸೆಟ್ಟಿಂಗ್) ಅಕ್ಷರವನ್ನು ಅಕ್ಷರವಾಗಿ ನೋಡುತ್ತದೆ.

ನೀವು ಚೌಕ ಆವರಣದಲ್ಲಿ ಎರಡು ಗುರುತು ಇಟ್ಟಿರಿ. ಎಂಆಕ್‌ಗೆ ಅಲ್ಲಿ ಕಂಡದ್ದು ನಾಲ್ಕು ಬಿಡಿ ಬೈಟ್: 342, 200, 214, 215. ಈ ನಾಲ್ಕರಲ್ಲಿ ಯಾವುದು ಎಲ್ಲಿ ಬಂದರೂ ಅಳಿಸುತ್ತಾ ಹೋಯಿತು. ಈಗ ನಮ್ಮ ಅಕ್ಷರಗಳನ್ನು ನೋಡಿ. ಹಲಂತು, ಅಂದರೆ ್ ಗುರುತು, 340 263 215. ದೀರ್ಘ ಈ ಕಾರ ೀ, 340 263 200. ಔ ಕಾರ ೌ, 340 263 214. ಮೂರರ ಕೊನೆಯ ಬೈಟೂ ನಿಮ್ಮ ಆವರಣದೊಳಗೇ ಇದೆ. ಹಾಗಾಗಿ ಎಲ್ಲ ಹಲಂತು, ಎಲ್ಲ ೀ, ಎಲ್ಲ ೌ ಕತ್ತರಿಸಿಹೋದವು. "ಲಕ್ಷ್ಮಮ್ಮ" ಹೆಸರಿನಲ್ಲಿ ಮೂರು ಹಲಂತು ಇದೆಯಲ್ಲ, ಅದಕ್ಕೇ ಹೆಚ್ಚು ಏಟು ಬಿತ್ತು.

ಎರಡೂ ಫೈಲಿಗೆ ಒಂದೇ ರೀತಿ ಹಾನಿಯಾದದ್ದರಿಂದ ಕೀಗಳು ಒಂದಕ್ಕೊಂದು ಹೊಂದಿಕೊಂಡವು. ಇದೇ ಅಪಾಯ. ಕತ್ತರಿಸಿದ ಮೇಲೆ ್, ೀ, ೌ ಮೂರೂ 340 263 ಅಂತ ಒಂದೇ ಆಗಿಬಿಡುತ್ತವೆ. ಬೇರೆ ಬೇರೆ ಹೆಸರು ಒಂದೇ ಕೀ ಆಗಬಹುದು.

ಪರಿಹಾರ ಸುಲಭ. ಚೌಕ ಆವರಣ ಬೇಡ. 342 200 214 ಮೂರನ್ನೂ ಸಾಲಾಗಿ ಬರೆದು ಒಂದು ಜಿಸಬ್, 342 200 215ಕ್ಕೆ ಇನ್ನೊಂದು ಜಿಸಬ್. ಪ್ರತಿ ಸಂಖ್ಯೆಯ ಹಿಂದೆ ಬ್ಯಾಕ್‌ಸ್ಲ್ಯಾಶ್ ಇರಲಿ. ಎಲ್‌ಸಿ ಆಲ್ ಅನ್ನುವ ಲೊಕೇಲ್ ಸೆಟ್ಟಿಂಗನ್ನು ಸಿ ಅಂತ ಇಟ್ಟು ಓಡಿಸಿದರೆ ಯಾವ ಆಕ್ ಆದರೂ ಒಂದೇ ರೀತಿ ನಡೆಯುತ್ತದೆ. ನಿಮ್ಮ 302 240ಕ್ಕೂ, ಅಂದರೆ ಸಾಲು ಮುರಿಯದ ಸ್ಪೇಸಿಗೂ, ಇದೇ ಮಾತು.


ಹೇಮಾವತಿ_ದಂಡೆ · ಮಂಗಳವಾರ, ರಾತ್ರಿ 10:30

ಈಗ ಅರ್ಥವಾಯಿತು. ಇಷ್ಟು ಬಿಡಿಸಿ ಹೇಳಿದ್ದಕ್ಕೆ ಋಣಿ. ಹಾಗೇ ಮಾಡಿದೆ, ಹೆಸರುಗಳು ಸರಿಯಾಗಿ ಕಾಣುತ್ತಿವೆ. 52 ಹೊಸದಾಗಿ ಸೇರಿ 321 ಆಯಿತು. 91 ಬಾಕಿ.

ಈ 91ರಲ್ಲಿ ಒಂದು ವಿಚಿತ್ರ ಇದೆ. ರಂಗಪ್ಪ, ಗಂಗಮ್ಮ, ನಂಜುಂಡಯ್ಯ, ಶಂಕರ, ಹೀಗೆ ಸೊನ್ನೆ ಇರುವ ಹೆಸರುಗಳೇ ಬಹಳ.


ಅಕ್ಷರಪ್ರೇಮಿ · ಮಂಗಳವಾರ, ರಾತ್ರಿ 10:52

ನೀವೇ ಉತ್ತರ ಹೇಳಿಬಿಟ್ಟಿರಿ. "ಸೊನ್ನೆ" ಅಂದಿರಿ. ಒಂದು ಪಟ್ಟಿಯಲ್ಲಿ ಅದು ನಿಜವಾಗಿ ಸೊನ್ನೆಯೇ ಆಗಿದೆ!

ರಂಗಪ್ಪ, ರ೦ಗಪ್ಪ. ಮೊದಲನೆಯದರಲ್ಲಿ ಇರುವುದು ಅನುಸ್ವಾರ, 340 262 202. ಎರಡನೆಯದರಲ್ಲಿ ಇರುವುದು ಕನ್ನಡ ಅಂಕಿ ಸೊನ್ನೆ, 340 263 246. ಎಷ್ಟೋ ಫಾಂಟುಗಳಲ್ಲಿ ಎರಡೂ ಒಂದೇ ಗಾತ್ರದ ದುಂಡು. ಮೊದಮೊದಲ ಕನ್ನಡ ಬ್ಲಾಗುಗಳಲ್ಲಿ "ಬೆ೦ಗಳೂರು" ಅಂತ ಸೊನ್ನೆ ಹಾಕಿ ಬರೆದದ್ದು ಈಗಲೂ ಸಿಗುತ್ತದೆ. ಸರಿಯಾಗಿ ಹುಡುಕಿದರೆ ಅವು ಸಿಗುವುದೇ ಇಲ್ಲ. ಎಷ್ಟೋ ಒಳ್ಳೆಯ ಬರಹ ಹೀಗೆ ಹುಡುಕಾಟಕ್ಕೆ ಸಿಗದೆ ಮರೆಯಾಗಿದೆ ಅಂತ ನನಗೆ ನೋವಿದೆ.

ಕೀಯಲ್ಲಿ ಅಂಕಿ ಸೊನ್ನೆಯನ್ನು ಅನುಸ್ವಾರ ಮಾಡಿ. ಹೆಸರಿನ ಕಾಲಮ್ಮಿನಲ್ಲಿ ಅಂಕಿ ಬರುವುದಿಲ್ಲ, ಹಾಗಾಗಿ ಇಲ್ಲಿ ಭಯವಿಲ್ಲ. ಮನೆ ಸಂಖ್ಯೆ, ವಿಳಾಸ ಇರುವ ಕಾಲಮ್ಮಿಗೆ ಮಾತ್ರ ಇದನ್ನು ಹಚ್ಚಬೇಡಿ. ಅಲ್ಲಿ ೧೦ ಇದ್ದದ್ದು ೧ಂ ಆಗುತ್ತದೆ.


ಹೇಮಾವತಿ_ದಂಡೆ · ಬುಧವಾರ, ಬೆಳಗ್ಗೆ 6:45

44 ಸೇರಿತು! 365 ಆಯಿತು. ಉಳಿದದ್ದು 47.


ಸಂಪಿಗೆ_ಮರ · ಬುಧವಾರ, ಬೆಳಗ್ಗೆ 9:20

ಇಲ್ಲಿಂದ ಮುಂದೆ ಆಕ್ ಬಿಟ್ಟು ಪೈಥಾನ್ ಪ್ರೋಗ್ರಾಮಿಂಗ್ ಭಾಷೆಗೆ ಬನ್ನಿ ಅಂತ ನನ್ನ ಸಲಹೆ. ಆಕ್ ಮೇಲೆ ನನಗೂ ಪ್ರೀತಿ ಇದೆ, 1977ರ ಸಾಧನ ಇವತ್ತಿಗೂ ಹೀಗೆ ದುಡಿಯುತ್ತಿದೆ ಅಂದರೆ ಸಣ್ಣ ಮಾತಲ್ಲ. ಆದರೆ ಮುಂದಿನ ತೊಂದರೆ ಅದರ ಕೈಗೆ ಮೀರಿದ್ದು.

ಉಳಿದದ್ದರಲ್ಲಿ ಗೋವಿಂದ, ಲೋಕೇಶ, ಸೋಮಣ್ಣ, ದೇವಮ್ಮ ಇಂಥವು ಇವೆಯಾ ನೋಡಿ. "ಗೋ" ಅನ್ನುವುದನ್ನು ಯೂನಿಕೋಡಿನಲ್ಲಿ ಗ ಮತ್ತು ಒಂದೇ ಓ ಕಾರದ ಗುರುತು, 340 263 213, ಅಂತ ಬರೆಯಬಹುದು. ಅದೇ "ಗೋ" ಅನ್ನು ಗ, ಎತ್ವ, ಊ ಕಾರ, ದೀರ್ಘ ಅಂತ ಮೂರು ತುಂಡು ಮಾಡಿ ಬರೆದರೂ ಪರದೆಯ ಮೇಲೆ ಅದೇ ಕಾಣುತ್ತದೆ. ಮೊದಲನೆಯದರಲ್ಲಿ ಸ್ವರದ ಗುರುತಿಗೆ ಮೂರು ಬೈಟ್, ಎರಡನೆಯದರಲ್ಲಿ ಒಂಬತ್ತು. ಹಳೆಯ ಆಸ್ಕಿ ಫಾಂಟುಗಳಲ್ಲಿ ದೀರ್ಘದ ಗುರುತು ಬೇರೆಯೇ ಒಂದು ತುಂಡಾಗಿತ್ತು. ಪರಿವರ್ತಕ ಅದನ್ನು ಹಾಗೇ ತಂದುಬಿಟ್ಟರೆ ಹೀಗಾಗುತ್ತದೆ.

ಈ ಎರಡೂ ಸಮ ಅಂತ ಯೂನಿಕೋಡ್ ನಿಯಮವೇ ಹೇಳುತ್ತದೆ. ಪೈಥಾನಿನ ಯೂನಿಕೋಡ್‌ಡೇಟಾ ಮಾಡ್ಯೂಲಿನಲ್ಲಿ ನಾರ್ಮಲೈಸ್ ಅಂತ ಫಂಕ್ಷನ್ ಇದೆ. ಅದಕ್ಕೆ ಎನ್‌ಎಫ್‌ಸಿ ಅಂತ ಕೊಟ್ಟರೆ ತುಂಡಾದದ್ದೆಲ್ಲ ಒಂದಾಗುತ್ತದೆ. ೀ, ೇ, ೈ, ೊ, ೋ ಐದಕ್ಕೂ ಇದು ಕೆಲಸ ಮಾಡುತ್ತದೆ.

ಒಂದು ತಪ್ಪು ತಿಳಿವಳಿಕೆ ಬಹಳ ಕಡೆ ಇದೆ. ನಾರ್ಮಲೈಸ್ ಮಾಡಿದರೆ ಎಲ್ಲ ಸರಿಹೋಗುತ್ತದೆ ಅಂದುಕೊಳ್ಳುತ್ತಾರೆ. ಇಲ್ಲ. ಅದು ಜಾಯ್ನರ್, ನಾನ್ ಜಾಯ್ನರ್ ಎರಡನ್ನೂ ಮುಟ್ಟುವುದಿಲ್ಲ. ಅಂಕಿ ಸೊನ್ನೆಯನ್ನು ಅನುಸ್ವಾರ ಮಾಡುವುದಿಲ್ಲ. ಸ್ಟ್ರಿಪ್ ಫಂಕ್ಷನ್ ಕೂಡ ಕೊನೆಯ ಖಾಲಿ ಜಾಗ ತೆಗೆಯುತ್ತದೆ, ನಾನ್ ಜಾಯ್ನರ್ ತೆಗೆಯುವುದಿಲ್ಲ. ಹಾಗಾಗಿ ನೀವು ಇಷ್ಟು ದಿನ ಮಾಡಿದ್ದೆಲ್ಲ ಬೇಕು.

ಇವೆಲ್ಲವನ್ನೂ ಒಂದೇ ಫಂಕ್ಷನ್‌ನಲ್ಲಿ ಬರೆಯಿರಿ. ಮೊದಲು ಎರಡು ಜಾಯ್ನರ್ ತೆಗೆಯಲಿ, ಆಮೇಲೆ ಸೊನ್ನೆ ಬದಲಿಸಲಿ, ಆಮೇಲೆ ಎನ್‌ಎಫ್‌ಸಿ, ಕೊನೆಗೆ ಖಾಲಿ ಜಾಗ ಒಂದಾಗಿಸಿ ಅಂಚು ಕತ್ತರಿಸಲಿ. ಎರಡೂ ಫೈಲಿಗೆ ಅದೇ ಫಂಕ್ಷನ್ ಬಳಸಿ. ಒಂದು ಫೈಲಿಗೆ ಒಂದು, ಇನ್ನೊಂದಕ್ಕೆ ಇನ್ನೊಂದು ಅಂತ ಬರೆದರೆ ಮತ್ತೆ ಮೊದಲಿಗೇ ಬರುತ್ತೀರಿ. ಫೈಲ್ ತೆರೆಯುವಾಗ ಎನ್‌ಕೋಡಿಂಗ್ ಜಾಗದಲ್ಲಿ ಯುಟಿಎಫ್-8-ಸಿಗ್ ಅಂತ ಕೊಡಿ, ಬಿಒಎಂ ತಾನಾಗಿ ಹೋಗುತ್ತದೆ. ಓದುವುದಕ್ಕೆ ಸಿಎಸ್‌ವಿ ಮಾಡ್ಯೂಲ್ ಬಳಸಿ. ಯಾರದಾದರೂ ಹೆಸರಿನೊಳಗೆ ಕಾಮಾ ಇದ್ದರೂ ಕಾಲಮ್ ಜಾರುವುದಿಲ್ಲ.


ಹೇಮಾವತಿ_ದಂಡೆ · ಬುಧವಾರ, ಸಂಜೆ 7:15

ಪೈಥಾನಿಗೆ ಬದಲಾಯಿಸಿದೆ. ಗೋವಿಂದ, ಸೋಮಣ್ಣ, ದೇವಮ್ಮ ಎಲ್ಲರೂ ಬಂದರು. 19 ಸೇರಿ 384. ಈಗ ಉಳಿದದ್ದು 28 ಮಾತ್ರ. ಶೂನ್ಯದಿಂದ 384! ನಿಮಗೆಲ್ಲ ಹೇಗೆ ಧನ್ಯವಾದ ಹೇಳಲಿ?


ಮಲೆನಾಡ_ಮಳೆ · ಬುಧವಾರ, ಸಂಜೆ 7:40

ಉಳಿದ 28ಕ್ಕೆ ಫಜ್ಜಿ ಮ್ಯಾಚಿಂಗ್ ಹಾಕಿಬಿಡಿ. ಎರಡು ಹೆಸರಿನ ನಡುವೆ ಎಷ್ಟು ಅಕ್ಷರ ಬೇರೆ ಅಂತ ಎಣಿಸುವ ಲೈಬ್ರರಿಗಳು ಇವೆ. ಹತ್ತಿರದ್ದನ್ನು ತಾನೇ ಆರಿಸಿಕೊಡುತ್ತದೆ. ಐದು ನಿಮಿಷದ ಕೆಲಸ.


ಘಟ್ಟದ_ಕೆಳಗೆ · ಬುಧವಾರ, ರಾತ್ರಿ 8:30

ಇಷ್ಟು ಹೊತ್ತು ಸುಮ್ನೆ ಓದುತ್ತಿದ್ದೆ, ಈಗ ಮಾತಾಡಲೇಬೇಕು. ಹಲವು ವರ್ಷ ಸಹಕಾರ ಸಂಘದ ಲೆಕ್ಕ ನೋಡಿದವನು ನಾನು.

ಫಜ್ಜಿ ಬೇಡ. ರಂಗಪ್ಪ, ಗಂಗಪ್ಪ: ಒಂದೇ ಅಕ್ಷರ ವ್ಯತ್ಯಾಸ. ರಾಮಯ್ಯ, ರಾಮಣ್ಣ ಕೂಡ ಬಹಳ ದೂರವಿಲ್ಲ. ಮೆಷಿನ್ ಇವರನ್ನು ಒಬ್ಬರೇ ಅಂದುಕೊಳ್ಳುತ್ತದೆ. ಹತ್ತು ದಿನ ಬೆಳಗಿನ ಜಾವ ಎದ್ದು ಹಾಲು ಕರೆದವರ ದುಡ್ಡು ಬೇರೆಯವರ ಖಾತೆಗೆ ಹೋದರೆ ವಾಪಸ್ ತರುವುದು ಎಷ್ಟು ಕಷ್ಟ ಅಂತ ನಾನು ಕಂಡಿದ್ದೇನೆ. ಹತ್ತಿರದ ಮೂರು ಹೆಸರು ತೋರಿಸಲಿಕ್ಕೆ ಬೇಕಾದರೆ ಬಳಸಿ. ಆರಿಸುವುದು ಮನುಷ್ಯರೇ ಆಗಬೇಕು.

ಅದಕ್ಕಿಂತ ದೊಡ್ಡ ಭಯ ನನಗೆ ಆ 384ರ ಮೇಲೆ ಇದೆ. ತಂಗಿ, ನಿಮ್ಮೂರಿನಲ್ಲಿ ಎಷ್ಟು ಜನ ಮಂಜುನಾಥ ಇದ್ದಾರೆ? ಎಷ್ಟು ಜನ ಲಕ್ಷ್ಮಮ್ಮ? ಖಾತೆ ಪಟ್ಟಿಯಲ್ಲಿ ಅದೇ ಹೆಸರು ಎರಡನೇ ಸಲ ಬಂದರೆ ನಿಮ್ಮ ಸ್ಕ್ರಿಪ್ಟ್ ಹಿಂದಿನ ಖಾತೆಯನ್ನು ಅಳಿಸಿ ಹೊಸದನ್ನು ಇಡುತ್ತದೆ ಅಲ್ವಾ? ಆಮೇಲೆ ಮೂರು ಮಂಜುನಾಥರಿಗೂ ಅದೇ ಒಂದು ಖಾತೆ ಹೋಗುತ್ತದೆ. ಮೂವರೂ "ಹೊಂದಿದರು" ಅಂತ ಲೆಕ್ಕಕ್ಕೆ ಬರುತ್ತಾರೆ.

ಇನ್ನೊಂದು ಲೆಕ್ಕ ಹಾಕಿ. ಸದಸ್ಯರು 412, ಖಾತೆ 405. ಅಂದರೆ ಕನಿಷ್ಠ 7 ಜನರ ಖಾತೆ ಪಟ್ಟಿಯಲ್ಲಿಲ್ಲ. ನಿಮ್ಮ ಸದಸ್ಯರ ಉಳಿಕೆ 28. ಖಾತೆಗಳ ಉಳಿಕೆ ಎಷ್ಟು?


ಹೇಮಾವತಿ_ದಂಡೆ · ಬುಧವಾರ, ರಾತ್ರಿ 9:05

ಖಾತೆಗಳ ಉಳಿಕೆ 23 ಅಣ್ಣ.


ಘಟ್ಟದ_ಕೆಳಗೆ · ಬುಧವಾರ, ರಾತ್ರಿ 9:12

ನೋಡಿದಿರಾ? 28ರಲ್ಲಿ 23 ಕಳೆದರೆ 5. ಬರಬೇಕಾದದ್ದು 7. ಖಾತೆಯೇ ಇಲ್ಲದ ಇಬ್ಬರಿಗೆ ನಿಮ್ಮ ಸ್ಕ್ರಿಪ್ಟ್ ಬೇರೆಯವರ ಖಾತೆ ಕೊಟ್ಟಿದೆ. ಅವರು 384ರ ಒಳಗೇ ಕೂತಿದ್ದಾರೆ. ಒಂದೇ ಹೆಸರಿನವರನ್ನು ಎರಡೂ ಫೈಲಿನಲ್ಲಿ ಎಣಿಸಿ ನೋಡಿ.


ಹೇಮಾವತಿ_ದಂಡೆ · ಬುಧವಾರ, ರಾತ್ರಿ 11:30

ಎಣಿಸಿದೆ. ಕೈ ನಡುಗಿತು.

14 ಹೆಸರುಗಳು ಒಂದಕ್ಕಿಂತ ಜಾಸ್ತಿ ಸಲ ಇವೆ. 11 ಹೆಸರು ಇಬ್ಬಿಬ್ಬರಿಗೆ, 3 ಹೆಸರು ಮೂವರಿಗೆ. ಒಟ್ಟು 31 ಸದಸ್ಯರು. ಖಾತೆ ಪಟ್ಟಿಯಲ್ಲಿ ಇದೇ ಹೆಸರುಗಳಿಗೆ 29 ಸಾಲು ಮಾತ್ರ ಇವೆ. ಮಂಜುನಾಥ ಮೂವರು, ಖಾತೆ ಎರಡು. ಲಕ್ಷ್ಮಮ್ಮ ಇಬ್ಬರು, ಖಾತೆ ಒಂದು. ನೀವು ಹೇಳಿದ ಇಬ್ಬರು ಅಲ್ಲೇ ಸಿಕ್ಕರು.

ಲಕ್ಷ್ಮಮ್ಮ ಇಬ್ಬರಲ್ಲಿ ಒಬ್ಬರು ನಮ್ಮ ಮನೆಯ ಹಿಂದಿನ ಬೀದಿಯವರು. ಒಂದೇ ಹಸು. ಅವರ ದುಡ್ಡೇ ಇನ್ನೊಬ್ಬರಿಗೆ ಹೋಗುತ್ತಿತ್ತು. ನೀವು ಕೇಳದೆ ಇದ್ದಿದ್ದರೆ ನಾಳೆ ಅಪ್ಪನ ಕೈಗೆ ಈ ಪಟ್ಟಿ ಕೊಟ್ಟುಬಿಡುತ್ತಿದ್ದೆ.


ಸಂಪಿಗೆ_ಮರ · ಗುರುವಾರ, ಬೆಳಗ್ಗೆ 8:10

ಈ ತಪಾಸಣೆಯನ್ನು ನಾನೇ ಮೊದಲು ಹೇಳಬೇಕಿತ್ತು. ಕ್ಷಮಿಸಿ.

ಸ್ಕ್ರಿಪ್ಟಿನಲ್ಲಿ ಹೀಗೆ ಮಾಡಿ. ಪ್ರತಿ ಕೀಗೆ ಒಂದು ಖಾತೆ ಇಡುವ ಬದಲು ಖಾತೆಗಳ ಪಟ್ಟಿ ಇಡಿ. ಸದಸ್ಯರನ್ನೂ ಹಾಗೇ ಗುಂಪು ಮಾಡಿ. ಎರಡೂ ಕಡೆ ಒಂದೊಂದೇ ಇದ್ದರೆ ಮಾತ್ರ "ಖಚಿತ" ಫೈಲಿಗೆ ಹೋಗಲಿ. ಯಾವುದಾದರೂ ಒಂದು ಕಡೆ ಎರಡಿದ್ದರೂ "ನೋಡಬೇಕು" ಫೈಲಿಗೆ ಹೋಗಲಿ. ನಿಮ್ಮ ಲೆಕ್ಕದಲ್ಲಿ ಖಚಿತ 353 ಆಗಬೇಕು. ಆಮೇಲೆ 353, 31, 28 ಕೂಡಿಸಿದರೆ 412. ಖಾತೆ ಕಡೆಯಿಂದ 353, 29, 23 ಕೂಡಿಸಿದರೆ 405. ಎರಡೂ ಕೂಡಿಕೆ ಸರಿ ಬಂತಾ ಅಂತ ಸ್ಕ್ರಿಪ್ಟೇ ನೋಡಲಿ, ಬರದಿದ್ದರೆ ನಿಂತುಬಿಡಲಿ.


ಕಪ್ಪುಪರದೆ · ಗುರುವಾರ, ಬೆಳಗ್ಗೆ 8:40

ಖಾತೆ ಸಂಖ್ಯೆಯ ಬಗ್ಗೆಯೂ ಒಂದು ಮಾತು. ಕೊನೆಯ ಫೈಲನ್ನು ಎರಡು ಸಲ ಒತ್ತಿ ಎಕ್ಸೆಲ್‌ನಲ್ಲಿ ತೆರೆಯಬೇಡಿ. ಎಕ್ಸೆಲ್ ಸಂಖ್ಯೆಯಲ್ಲಿ 15 ಅಂಕಿ ಮಾತ್ರ ನಿಖರವಾಗಿ ಉಳಿಯುತ್ತದೆ. 16 ಅಂಕಿಯ ಖಾತೆ ಇದ್ದರೆ ಕೊನೆಯದು ಸೊನ್ನೆ ಆಗುತ್ತದೆ. ಶುರುವಿನ ಸೊನ್ನೆಗಳೂ ಹೋಗುತ್ತವೆ. ತೆರೆಯಲೇಬೇಕಾದರೆ ಡೇಟಾ ಇಂಪೋರ್ಟ್ ಮೂಲಕ ಆ ಕಾಲಮ್ಮನ್ನು ಟೆಕ್ಸ್ಟ್ ಅಂತ ಗುರುತಿಸಿ ತೆರೆಯಿರಿ. ಪೈಥಾನಿನಲ್ಲೂ ಖಾತೆಯನ್ನು ಸಂಖ್ಯೆ ಮಾಡಬೇಡಿ, ಅಕ್ಷರ ಸಾಲಾಗಿಯೇ ಇರಲಿ.

ಐಎಫ್‌ಎಸ್‌ಸಿ 11 ಅಕ್ಷರ ಇರಬೇಕು, ಐದನೆಯದು ಯಾವಾಗಲೂ ಅಂಕಿ ಸೊನ್ನೆ. ಫೋನಿನಲ್ಲಿ ಟೈಪ್ ಮಾಡುವಾಗ ಅಲ್ಲಿ ಇಂಗ್ಲಿಷಿನ ಓ ಅಕ್ಷರ ಬೀಳುವುದು ಬಹಳ ಸಲ. ಅದನ್ನೂ ಒಂದು ಸಾಲಿನಲ್ಲಿ ತಪಾಸಣೆ ಮಾಡಿಸಿ.


ಹೇಮಾವತಿ_ದಂಡೆ · ಶುಕ್ರವಾರ, ರಾತ್ರಿ 9:00

ಎಲ್ಲ ಮಾಡಿದೆ. ಖಚಿತ 353, ಎರಡೂ ಕೂಡಿಕೆ ಸರಿ ಬಂದಿವೆ. ಐಎಫ್‌ಎಸ್‌ಸಿಯಲ್ಲಿ ಆರು ಕಡೆ ಓ ಅಕ್ಷರ ಇತ್ತು, ತಿದ್ದಿದೆ.

ಉಳಿದದ್ದನ್ನು ಪ್ರಿಂಟ್ ತೆಗೆದು, ಸಂಜೆ ಡೈರಿಯಲ್ಲಿ ಹಾಲು ಹಾಕಿಸಿಕೊಂಡು ಮುಗಿದ ಮೇಲೆ ಅಪ್ಪನ ಮುಂದೆ ಇಟ್ಟೆ. ಮೊದಲು 31. ಸದಸ್ಯರ ಪುಸ್ತಕದಲ್ಲಿ "ಮಂಜುನಾಥ ಬಿನ್ ಕೆಂಪಯ್ಯ", "ಲಕ್ಷ್ಮಮ್ಮ ಕೋಂ ರಂಗಪ್ಪ" ಅಂತ ಬರೆದಿದ್ದಾರೆ. ಟೈಪ್ ಮಾಡುವಾಗ ಅದನ್ನು ಬಿಟ್ಟಿದ್ದರು. ಪಾಸ್‌ಬುಕ್ ಜೆರಾಕ್ಸಿನಲ್ಲಿ ತಂದೆ ಅಥವಾ ಗಂಡನ ಹೆಸರು ನೋಡಿ ಒಂದೊಂದೇ ಹೊಂದಿಸಿದೆವು. 29 ಆಯಿತು, ಇಬ್ಬರಿಗೆ ಖಾತೆ ಇಲ್ಲ.

ಆಮೇಲೆ 28. ಕೃಷ್ಣಪ್ಪ ಒಂದು ಕಡೆ ಕ್ರಿಷ್ಣಪ್ಪ. ಶಿವಲಿಂಗಯ್ಯ ಇನ್ನೊಂದು ಕಡೆ ಶಿವಲಿಂಗೈಯ. ಇಂಥವು ನನಗೂ ಗೊತ್ತಾದವು. ಆದರೆ ಪಟ್ಟಿಯಲ್ಲಿ ಪುಟ್ಟಮ್ಮ ಇರುವವರು ಪಾಸ್‌ಬುಕ್ಕಿನಲ್ಲಿ ನಿಂಗಮ್ಮ. ಊರೆಲ್ಲ ಪುಟ್ಟಮ್ಮ ಅಂತಲೇ ಕರೆಯುವುದು, ದಾಖಲೆಯ ಹೆಸರು ನಿಂಗಮ್ಮ ಅಂತ ಅಪ್ಪನಿಗೆ ಗೊತ್ತಿತ್ತು. ಇಂಥವರು ನಾಲ್ಕು ಜನ. ಅಪ್ಪ ಕನ್ನಡಕ ಏರಿಸಿಕೊಂಡು, "ಇವಳು ಕೆರೆ ಏರಿ ಪಕ್ಕದ ಮನೆಯವಳಲ್ವಾ" ಅಂತ ಹೇಳುತ್ತಾ ಅರ್ಧ ಗಂಟೆಯಲ್ಲಿ 23 ಮುಗಿಸಿದರು. ಉಳಿದ ಐವರು ಇನ್ನೂ ಖಾತೆ ತೆರೆದಿಲ್ಲ.

ಹಾಗಾಗಿ 405 ಖಾತೆಯೂ ಹೊಂದಿತು, 7 ಜನಕ್ಕೆ ಈ ಸಲ ಕೈಗೇ ಬಟವಾಡೆ. ಹಿಂದಿನ ಬೀದಿಯ ಲಕ್ಷ್ಮಮ್ಮ ಅಜ್ಜಿಯನ್ನು ನಾನೇ ಸೋಮವಾರ ಬ್ಯಾಂಕಿಗೆ ಕರೆದುಕೊಂಡು ಹೋಗುತ್ತೇನೆ.


ಘಟ್ಟದ_ಕೆಳಗೆ · ಶುಕ್ರವಾರ, ರಾತ್ರಿ 9:25

ಓದಿ ಬಹಳ ಸಂತೋಷವಾಯಿತು ತಂಗಿ. ಪೂರ್ತಿ ಮೊತ್ತ ಹಾಕುವ ಮುಂಚೆ ಆ ನಾಲ್ಕು ಜನಕ್ಕೆ, ಮತ್ತೆ ಒಂದೇ ಹೆಸರಿನ 29 ಜನಕ್ಕೆ ಒಂದೊಂದು ರೂಪಾಯಿ ಹಾಕಿ, ಬಂತಾ ಅಂತ ಕೇಳಿ.

ಮುಂದಿನ ಸಲಕ್ಕೆ ಹೆಸರು ಹೊಂದಿಸುವ ಕೆಲಸವೇ ಇರಬಾರದು. ಖಾತೆ ಪಟ್ಟಿಗೆ ಸದಸ್ಯ ಸಂಖ್ಯೆಯ ಕಾಲಮ್ ಈಗಲೇ ಸೇರಿಸಿಬಿಡಿ.


ಮಲೆನಾಡ_ಮಳೆ · ಶುಕ್ರವಾರ, ರಾತ್ರಿ 9:50

ನನ್ನ ಫಜ್ಜಿ ಸಲಹೆ ವಾಪಸ್ ತೆಗೆದುಕೊಳ್ಳುತ್ತೇನೆ. ಪುಟ್ಟಮ್ಮ, ನಿಂಗಮ್ಮ ಉದಾಹರಣೆ ಮನಸ್ಸಿಗೆ ನಾಟಿತು. ಒಂದು ಪ್ರಶ್ನೆ: ಸದಸ್ಯ ಸಂಖ್ಯೆ ಸೇರಿಸುವಾಗ ಒಂದು ಕಡೆ 007, ಇನ್ನೊಂದು ಕಡೆ 7 ಅಂತ ಬಂದರೆ ಮತ್ತೆ ಅದೇ ಗೋಳಲ್ವಾ?


ಹೇಮಾವತಿ_ದಂಡೆ · ಶನಿವಾರ, ಬೆಳಗ್ಗೆ 7:05

ಹೌದು, ಅದನ್ನೂ ಯೋಚಿಸಿದೆ. ಎರಡೂ ಕಡೆ ನಾಲ್ಕು ಅಂಕಿ, ಶುರುವಿನಲ್ಲಿ ಸೊನ್ನೆ ತುಂಬಿಸಿ, ಟೆಕ್ಸ್ಟ್ ಆಗಿಯೇ ಇಟ್ಟಿದ್ದೇನೆ. ಕಂಪ್ಯೂಟರಿನ ಪಟ್ಟಿಯಲ್ಲಿ ಸಂಖ್ಯೆ ಸೇರಿಸಿ ಆಯಿತು. ಈಗ ಪ್ರತಿ ಜೆರಾಕ್ಸಿನ ಮೇಲೂ ಸದಸ್ಯ ಸಂಖ್ಯೆಯನ್ನು ಕೆಂಪು ಪೆನ್ನಿನಲ್ಲಿ ಬರೆಯುತ್ತಿದ್ದೇವೆ. ಅಪ್ಪ ಸಂಖ್ಯೆ ಓದುತ್ತಾರೆ, ನಾನು ಬರೆಯುತ್ತೇನೆ. 260 ಆಗಿದೆ. ಬೆಳಗಿನ ಹಾಲು ಬರುವುದು ಮುಗಿದ ಮೇಲೆ ಉಳಿದದ್ದು ಮುಗಿಸುತ್ತೇವೆ.

ಪಕ್ಕದ ಊರಿನ ಸಂಘದವರೂ ಸ್ಕ್ರಿಪ್ಟ್ ಕೇಳಿದ್ದಾರೆ. ಹೆಸರುಗಳನ್ನೆಲ್ಲ ತೆಗೆದು, ಕೀ ಮಾಡುವ ಫಂಕ್ಷನ್ ಮತ್ತು ಕೂಡಿಕೆಯ ತಪಾಸಣೆ ಮಾತ್ರ ಇಟ್ಟು ನಾಳೆ ಇಲ್ಲೇ ಹಾಕುತ್ತೇನೆ.